ಗುಂಡಿಯ ಮಣ್ಣು

ಸ್ಟೇಷನ್ನಿನ ಚರಿತ್ರೆ ಬರೆಯಲು ವಕೀಲರು ಬಂದ ದಿನ ದೊಡ್ಡಕ್ಕ ಹಳಿಗಳ ಮಧ್ಯೆ ಬಗ್ಗಿಕೊಂಡು ಹೇಲು ಬಾಚುತ್ತಿದ್ದಳು. ಬೆಳಗಿನ ಪ್ಯಾಸೆಂಜರು ಆಗಷ್ಟೇ ಹೋಗಿತ್ತು. ಗಾಡಿ ನಿಂತಾಗ ಕಕ್ಕಸಿಗೆ ಹೋಗಬೇಡಿ ಎಂದು ಡಬ್ಬಿಯೊಳಗೆ ಬರೆದಿರುತ್ತದಂತೆ. ಓದು ಬಂದವರೇ ಹೋಗುತ್ತಿದ್ದರು.

ಪ್ಲಾಟ್‌ಫಾರಂ ಮೇಲೆ ಸ್ಟೇಷನ್ ಮಾಸ್ಟರು ವಕೀಲರನ್ನು ಸುತ್ತಾಡಿಸುತ್ತಿದ್ದರು. ವಕೀಲರು ಕೋರ್ಟು ಬಿಟ್ಟು ಬಹಳ ಕಾಲವಾಗಿತ್ತು. ಈಗ ಊರಿನ ಹಳೆಯ ಸಂಗತಿಗಳನ್ನು ಬರೆಯುವುದೇ ಅವರ ಕೆಲಸ.

"ಸ್ಟೇಷನ್ನಿಗೆ ಅರವತ್ತು ತುಂಬ್ತು ಸಾರ್. ದೊಡ್ಡ ಸಾಹೇಬರೇ ಬರ್ತಾ ಇದಾರೆ," ಎಂದರು ಮಾಸ್ಟರು. "ಈ ಗೋಡೆ ಮೇಲೆ ಚರಿತ್ರೆ ಬರೆಸಬೇಕು ಅಂತ. ನೀವು ನಾಲ್ಕು ಮಾತು ಬರೆದುಕೊಟ್ರೆ ಸಾಕು."

"ಹಳಬರು ಯಾರಾದ್ರೂ ಸಿಕ್ಕಿದ್ರೆ ಚೆನ್ನಾಗಿತ್ತು."

"ಮಂಡಿ ಸಾಹುಕಾರರ ಮನೆಯವರಿದಾರಲ್ಲ! ಜಾಗ ಕೊಟ್ಟಿದ್ದೇ ಅವರ ತಂದೆ."

ದೊಡ್ಡಕ್ಕ ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗೆಳೆದಳು.

"ಸ್ವಾಮಿ, ನಮ್ಮತ್ತೆ ಇದಾಳೆ. ಈ ಸ್ಟೇಷನ್ನಿಗೆ ಮಣ್ಣು ಹೊತ್ತೋಳು. ಎಲ್ಲಾ ನೆನಪಿದೆ ಅವಳಿಗೆ."

ದನಿ ಎಲ್ಲಿಂದ ಬಂತೆಂದು ವಕೀಲರು ಆಚೀಚೆ ನೋಡಿದರು. ಆಮೇಲೆ ಕೆಳಗೆ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ಹೌದೇನಮ್ಮ? ಒಳ್ಳೇದಾಯ್ತು. ಎಲ್ಲಿರೋದು?"

"ಇಲ್ಲೇ, ಗುಂಡೀಲಿ."

"ಬರ್ತೀನಿ, ಬರ್ತೀನಿ. ಈ ವಾರದಲ್ಲೇ ಬಂದು ಕೇಳ್ಕೋತೀನಿ."

ಮಾಸ್ಟರು ಅವಳನ್ನು ಕೆಕ್ಕರಿಸಿ ನೋಡಿದರು. ನಿನಗ್ಯಾಕೆ ಬೇಕಿತ್ತು ಎನ್ನುವ ನೋಟ. ದೊಡ್ಡಕ್ಕ ಮತ್ತೆ ಬಗ್ಗಿದಳು.

ಸುದ್ದಿ ಕೇಳಿ ಅತ್ತೆ ತಲೆ ಬಾಚಿಸಿಕೊಂಡಳು. ಒಗೆದ ಬಟ್ಟೆ ಉಟ್ಟಳು. ಬಾಗಿಲಲ್ಲಿ ಚಾಪೆ ಹಾಕಿಸಿಕೊಂಡು ಕೂತಳು. ಅತ್ತೆಗೆ ಕತ್ತು ಎತ್ತಲು ಬರುತ್ತಿರಲಿಲ್ಲ. ಎಳೇ ವಯಸ್ಸಿನಲ್ಲಿ ತಲೆ ಮೇಲೆ ಹೊತ್ತ ಬುಟ್ಟಿಗಳು ಕತ್ತನ್ನು ಮುಂದಕ್ಕೆ ಬಗ್ಗಿಸಿಬಿಟ್ಟಿದ್ದವು. ಬುಟ್ಟಿ ಇಳಿದರೂ ಕತ್ತು ಏಳಲಿಲ್ಲ. ಮನೆಗೆ ಯಾರು ಬಂದರೂ ಅವಳು ಕಾಲು ನೋಡಿಯೇ ಗುರುತು ಹಿಡಿಯುತ್ತಿದ್ದಳು.

"ವಕೀಲರ ಕಾಲು ಹೆಂಗಿರುತ್ತೆ?" ಎಂದು ಕೇಳಿದಳು.

"ಬೂಟಿರುತ್ತೆ ಅತ್ತೆ."

ಹೊರಗೆ ಸದ್ದಾದಾಗಲೆಲ್ಲ ಕೇಳುವಳು. "ಬೂಟು ಬಂತಾ?"

"ಇಲ್ಲತ್ತೆ, ಮೇಕೆ."

ವಾರ ಕಳೆಯಿತು. ಇನ್ನೊಂದು ವಾರವೂ ಕಳೆಯಿತು. ಬೂಟು ಬರಲಿಲ್ಲ. ಅತ್ತೆ ಮಾತ್ರ ಬಾಗಿಲು ಬಿಟ್ಟು ಏಳಲಿಲ್ಲ. ಒಂದು ಮಾತು ಹೇಳುವುದಿತ್ತು ಅವಳಿಗೆ. ಅದನ್ನು ಬರೆದುಕೊಳ್ಳುವವರು ಈ ಜನ್ಮದಲ್ಲಿ ಇನ್ನೊಬ್ಬರು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ರೈಲು ಬರುವ ಮೊದಲು ಅಲ್ಲಿ ಗುಂಡಿ ಇರಲಿಲ್ಲ. ಸಮನಾದ ನೆಲವಿತ್ತು. ಎರಡು ಸಾಲು ಮನೆಗಳಿದ್ದವು, ಮಧ್ಯೆ ಒಂದು ಬಾವಿ ಇತ್ತು. ಸಾಹುಕಾರನಿಗೆ ತನ್ನ ಗೋದಾಮಿನ ಎದುರಿಗೇ ಸ್ಟೇಷನ್ ಬೇಕಿತ್ತು. ಆ ಜಾಗ ತಗ್ಗು. ಅದನ್ನು ಎತ್ತರಿಸಬೇಕು. ಎತ್ತರಿಸಲು ಮಣ್ಣು ಬೇಕು. ಸುತ್ತ ಸಾಹುಕಾರನ ಹೊಲಗಳಿದ್ದವು. ಅವನ್ನು ಮುಟ್ಟುವ ಮಾತೇ ಇರಲಿಲ್ಲ. ಮಣ್ಣಿನ ಕಂಟ್ರಾಕ್ಟರು ಈ ಎರಡು ಸಾಲು ಮನೆಗಳ ಕಡೆ ಕೈ ತೋರಿಸಿದ.

"ಸ್ವಲ್ಪ ದಿನ ಆಚೆ ಇರಿ. ಕೆಲಸ ಮುಗಿದ ಮೇಲೆ ನಾವೇ ತುಂಬಿಸಿಕೊಡ್ತೀವಿ," ಎಂದ. ಅಗೆಯುವ ಕೂಲಿಯನ್ನೂ ಅವರಿಗೇ ಕೊಟ್ಟ.

ಅವರು ತಮ್ಮ ಗೋಡೆಗಳನ್ನು ತಾವೇ ಕೆಡವಿದರು. ಒಲೆ ಇದ್ದ ಜಾಗವನ್ನು ಅಗೆದರು, ಮಕ್ಕಳನ್ನು ಹೆತ್ತ ಜಾಗವನ್ನು ಅಗೆದರು, ಬುಟ್ಟಿಗೆ ತುಂಬಿದರು, ಹೊತ್ತರು, ಸುರಿದರು, ಮತ್ತೆ ಬಂದರು. ಅತ್ತೆ ಆಗ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಅವಳ ಒಡಹುಟ್ಟಿದ ಅಕ್ಕನನ್ನೂ ಅದೇ ಕೇರಿಗೆ ಕೊಟ್ಟಿತ್ತು. ಕಂಟ್ರಾಕ್ಟರನ ಮೇಸ್ತ್ರಿ ಆ ಕಡೆ ತಿರುಗಿದಾಗ ಅಕ್ಕ ತಂಗಿಯ ಬುಟ್ಟಿಯಿಂದ ಎರಡು ಹಿಡಿ ಮಣ್ಣು ತೆಗೆದು ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. "ನಿನ್ನ ಕತ್ತು ಇನ್ನೂ ಎಳೇದು ಕಣೇ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಸುರಿದ ಮಣ್ಣಿನ ಏರಿ ಕುಸಿಯಿತು. ಅಕ್ಕ ಕೆಳಗಿದ್ದಳು.

ಅತ್ತೆ ಕೈಯಲ್ಲೇ ಬಗೆದಳು. ಉಗುರು ಕಿತ್ತುಬಂದವು. ನಾಲ್ಕು ಜನ ಸಲಿಕೆ ಹಿಡಿದು ಓಡಿಬಂದರು. ಕಂಟ್ರಾಕ್ಟರು ಅಡ್ಡ ನಿಂತ. "ಅಳತೆ ಮುಗಿದ ಮಣ್ಣು ಇದು. ಈಗ ಅಗೆದ್ರೆ ಮತ್ತೆ ಮೊದಲಿಂದ ಅಳೀಬೇಕು. ಮುಂದಿನ ತಿಂಗಳೇ ಇಂಜಿನ್ ಬರುತ್ತೆ. ಹೋದೋಳು ಹೋದ್ಲು."

ಅದರ ಮೇಲೇ ಮಣ್ಣು ಸುರಿಸಿದ. ಸುರಿದವರೂ ಅವರೇ. ಸುರಿಯದಿದ್ದರೆ ಆ ವಾರದ ಕೂಲಿ ಇಲ್ಲ ಎಂದಿದ್ದ. ಅದರ ಮೇಲೆ ಕಲ್ಲು ಬಂತು, ಕಲ್ಲಿನ ಮೇಲೆ ಪ್ಲಾಟ್‌ಫಾರಂ ಬಂತು, ಪ್ಲಾಟ್‌ಫಾರಂ ಮೇಲೆ ಬೆಂಚು ಬಂತು. ಇಂಜಿನ್ ಬಂದಾಗ ಊರಿಗೆ ಊರೇ ಕುಣಿಯಿತು. ಗುಂಡಿ ತುಂಬಿಸಲು ಯಾರೂ ಬರಲಿಲ್ಲ. ಬೇರೆಲ್ಲೂ ಜಾಗವಿಲ್ಲದೆ ಅವರು ಅದರೊಳಕ್ಕೇ ಇಳಿದು ಗುಡಿಸಲು ಹಾಕಿಕೊಂಡರು. ಅವತ್ತಿನಿಂದ ಊರವರ ಬಾಯಲ್ಲಿ ಅವರು ಗುಂಡಿಯವರು. ಮೊದಲು ಏನೆಂದು ಕರೆಯುತ್ತಿದ್ದರೋ ಅದು ಊರಿಗೆ ಮರೆತೇಹೋಯಿತು.

ಆಮೇಲೆ ಸ್ಟೇಷನ್ನಿಗೆ ಕಕ್ಕಸು ಕಟ್ಟಿದರು. ಕೊಳಕು ಎಲ್ಲಾದರೂ ಹೋಗಬೇಕಲ್ಲ. ಏರಿಯೊಳಗೆ ಒಂದು ದಪ್ಪ ಪೈಪು ಹಾಯಿಸಿ ಅದರ ಬಾಯಿಯನ್ನು ಗುಂಡಿಗೆ ಬಿಟ್ಟರು. ಬೇಸಿಗೆಯಲ್ಲಿ ಅದು ಮನೆಗಳ ಹಿಂದೆ ಕಪ್ಪಗೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಒಳಗೆ ಬರುತ್ತಿತ್ತು. ಒಲೆಯಲ್ಲಿ ತೇಲುತ್ತಿತ್ತು. ಮಕ್ಕಳಿಗೆ ಮೈತುಂಬ ಕಜ್ಜಿ. ಗುಂಡಿಯವರು ಅರ್ಜಿ ಕೊಟ್ಟರು, ಕೈ ಮುಗಿದರು, ಕಾಲು ಹಿಡಿದರು. ಬಂದ ಮಾಸ್ಟರುಗಳೆಲ್ಲ ಮೇಲಿನವರಿಗೆ ಹೇಳುತ್ತೇವೆ ಎಂದರು. ವರ್ಗವಾಗಿ ಹೋದರು.

ದೊಡ್ಡಕ್ಕನ ಗಂಡ ಸ್ಟೇಷನ್ನಿನ ಕಸಗುಡಿಸುವವನಾಗಿದ್ದ. ಅವನು ಸತ್ತ ಮೇಲೆ ಪೊರಕೆ ಇವಳ ಕೈಗೆ ಬಂತು. ಪೈಪು ಕಟ್ಟಿಕೊಂಡಾಗ ಮೇಲಿನ ತೊಟ್ಟಿಯೊಳಗೆ ಇಳಿದು ಬಿದಿರಿನಲ್ಲಿ ಚುಚ್ಚುವವಳೂ ಇವಳೇ. ಬಿದಿರಿಗೆ ಬಗ್ಗದಿದ್ದರೆ ಭುಜದವರೆಗೆ ಕೈ ಹಾಕಬೇಕು. ಬಟ್ಟೆ, ಬಾಟಲಿ, ಏನೇನೋ ಸಿಗುತ್ತಿತ್ತು. ಕಟ್ಟು ಬಿಟ್ಟಾಗ ಒಮ್ಮೆಲೇ ಗಳಗಳ ಸದ್ದಾಗಿ ಎಲ್ಲ ಇಳಿದು ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಸಂಜೆ ಮನೆಗೆ ಹೋದರೆ ಅದು ಅವಳಿಗಿಂತ ಮೊದಲೇ ಹೋಗಿ ಹಿತ್ತಲಲ್ಲಿ ಕೂತಿರುತ್ತಿತ್ತು.

ಅರವತ್ತರ ಸಮಾರಂಭಕ್ಕೆ ಎರಡೇ ದಿನ ಇರುವಾಗ ಗೋಡೆಯ ಮೇಲೆ ಚರಿತ್ರೆ ಬರೆದು ಮುಗಿಯಿತು. ನೀಲಿ ಬಣ್ಣ, ಬಿಳಿ ಅಕ್ಷರ. ದೊಡ್ಡಕ್ಕನ ಮಗಳು ಪಕ್ಕದ ಊರಿನ ಕಾಲೇಜಿಗೆ ರೈಲಿನಲ್ಲೇ ಹೋಗಿಬರುತ್ತಿದ್ದಳು. ಆ ದಿನ ಇಳಿದವಳೇ ಗೋಡೆಯ ಮುಂದೆ ನಿಂತುಬಿಟ್ಟಳು. ದೊಡ್ಡಕ್ಕ ಪೊರಕೆ ಹಿಡಿದು ಹತ್ತಿರ ಬಂದಳು.

"ಏನು ಬರೆದವ್ರೆ? ಗಟ್ಟಿಯಾಗಿ ಓದು."

ಮಗಳು ಓದಿದಳು. ಮಂಡಿ ಸಾಹುಕಾರರು ಉದಾರ ಮನಸ್ಸಿನಿಂದ ಜಾಗ ಕೊಟ್ಟರು. ಆಗ ಇಲ್ಲಿ ಜನವಸತಿ ಇಲ್ಲದ ಪಾಳು ಬಯಲು ಮಾತ್ರ ಇತ್ತು. ಒಂದೇ ಒಂದು ಅವಘಡವೂ ಇಲ್ಲದೆ ಕಾಮಗಾರಿ ಮುಗಿಯಿತು.

"ಇನ್ನೊಂದ್ಸಲ ಓದು."

"ಸಾಕು ಬಿಡಮ್ಮ."

"ಓದು ಅಂದೆ."

ಮಗಳು ಮತ್ತೆ ಓದಿದಳು.

ಬಣ್ಣದ ಕೆಲಸ ನೋಡಲು ವಕೀಲರು ಅಲ್ಲೇ ಬಂದಿದ್ದರು. ಬೆಂಚಿನ ಮೇಲೆ ಕೂತು ಮಾಸ್ಟರ ಜೊತೆ ಟೀ ಕುಡಿಯುತ್ತಿದ್ದರು. ದೊಡ್ಡಕ್ಕ ನೇರವಾಗಿ ಹೋಗಿ ಮುಂದೆ ನಿಂತಳು.

"ಬರ್ತೀನಿ ಅಂದಿದ್ರಿ. ನಮ್ಮತ್ತೆ ಕಾಯ್ತಾ ಕೂತವ್ಳೆ."

"ಓ, ನೀನಾ? ಬರಬೇಕು ಅಂತಲೇ ಇದ್ದೆನಮ್ಮ. ಪುರುಸೊತ್ತೇ ಆಗ್ಲಿಲ್ಲ."

"ಯಾರೂ ಸತ್ತಿಲ್ಲ ಅಂತ ಬರೆದಿದೀರ. ಅತ್ತೆಯ ಅಕ್ಕ ಸತ್ತವ್ಳೆ. ಇಲ್ಲೇ ಅವ್ಳೆ. ನೀವು ಕೂತಿದೀರಲ್ಲ, ಈ ಪ್ಲಾಟ್‌ಫಾರಂ ಕೆಳಗೆ."

ವಕೀಲರ ಕೈಯಲ್ಲಿ ಟೀ ಹಾಗೇ ನಿಂತಿತು. ಮಾಸ್ಟರು, "ಏಯ್, ಹೋಗಿ ನಿನ್ನ ಕೆಲಸ ನೋಡು," ಎಂದು ಗದರಿದರು.

ವಕೀಲರು ಸಮಾಧಾನದ ದನಿಯಲ್ಲಿ ಹೇಳಿದರು. "ನೋಡಮ್ಮ, ಬಾಯಿಮಾತಿನ ಮೇಲೆ ಚರಿತ್ರೆ ಬರೆಯೋಕಾಗಲ್ಲ. ಅದಕ್ಕೆ ಪುರಾವೆ ಬೇಕು."

"ಅಗೆದು ನೋಡಿ."

ವಕೀಲರು ಬೆಂಚಿನಿಂದ ಎದ್ದರು. ಮತ್ತೆ ಅಲ್ಲಿ ಕೂರಲೂ ಇಲ್ಲ.

ಮಾರನೆಯ ದಿನವೇ ಪೈಪು ಕಟ್ಟಿಕೊಂಡಿತು. ಸಮಾರಂಭಕ್ಕೆಂದು ಬಣ್ಣ ಬಳಿಯುವವರು ಬಣ್ಣದ ಚಿಂದಿಗಳನ್ನೆಲ್ಲ ತೊಟ್ಟಿಗೆ ತುರುಕಿದ್ದರು. ಕಕ್ಕಸಿನಿಂದ ನೀರು ಉಕ್ಕಿ ಹೊರಗೆ ಹರಿಯತೊಡಗಿತು. ಶುಚಿ ಕೆಲಸದ ಗುತ್ತಿಗೆಯ ಮೇಸ್ತ್ರಿ ಓಡಿಬಂದ.

"ಏ ಗುಂಡಿ! ಇಳಿ, ಬೇಗ ಇಳಿ. ನಾಳೆ ಸಾಹೇಬರು ಬರ್ತಾರೆ."

ದೊಡ್ಡಕ್ಕ ಅಭ್ಯಾಸಬಲದಿಂದ ಬಟ್ಟೆ ಎತ್ತಿ ಕಟ್ಟಿಕೊಂಡಳು. ತೊಟ್ಟಿಗೆ ಇಳಿದಳು. ಹೊಲಸು ಸೊಂಟದವರೆಗೆ ಬಂತು. ಬಿದಿರು ಹಾಕಿದಳು, ಬಗ್ಗಲಿಲ್ಲ. ಉಸಿರು ಬಿಗಿಹಿಡಿದು ತೋಳು ಒಳಗೆ ಹಾಕಿದಳು. ಬೆರಳಿಗೆ ಚಿಂದಿಯ ತುದಿ ಸಿಕ್ಕಿತು. ಒಂದು ಸಲ ಎಳೆದರೆ ಸಾಕು. ಎಳೆಯಲು ಕೈ ಬಿಗಿಯಾಯಿತು.

ಎಳೆಯಲಿಲ್ಲ.

ಅವಳು ಆ ಹೊಲಸಿನೊಳಗೇ ಸುಮ್ಮನೆ ನಿಂತಳು. ಈ ಪೈಪು ಏರಿಯೊಳಗೆ ಹಾದುಹೋಗುತ್ತದೆ. ಏರಿಯೊಳಗೆ ಅತ್ತೆಯ ಅಕ್ಕ ಇದ್ದಾಳೆ. ಆಚೆ ತುದಿಯಲ್ಲಿ ಅತ್ತೆ ಇದ್ದಾಳೆ. ಇಷ್ಟು ವರ್ಷ ಇದನ್ನೆಲ್ಲ ಅವರ ಮೇಲೆ ಗಂಡ ತಳ್ಳಿದ, ಆಮೇಲೆ ತಾನೇ ತಳ್ಳಿದಳು. ಕೈ ಹೊರಗೆ ತೆಗೆದಳು. ಮೇಲಕ್ಕೆ ಹತ್ತಿದಳು.

"ಆಯ್ತಾ?"

"ಇಲ್ಲ."

"ಮತ್ಯಾಕೆ ಹತ್ತಿದೆ?"

"ನಾನು ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ನಿಮ್ಮ ಹೇಲು ನೀವೇ ಇಟ್ಕೊಳ್ಳಿ."

ಮೇಸ್ತ್ರಿ ಹೊಡೆಯಲು ಕೈಯೆತ್ತಿದ. ಅವಳ ಮೈಯಿಂದ ಸುರಿಯುತ್ತಿದ್ದುದನ್ನು ನೋಡಿ ಎತ್ತಿದ ಕೈ ಇಳಿಸಿದ. ಹತ್ತಿರ ಬರಲು ಅವನಿಗೆ ಅಸಹ್ಯ. "ನಾಳೆಯಿಂದ ಈ ಕಡೆ ತಲೆ ಹಾಕಬೇಡ. ನಿನ್ನಂಥೋರು ಬೇಕಾದಷ್ಟು ಸಿಗ್ತಾರೆ," ಎಂದು ಕೂಗಾಡಿದ. ಅವಳು ಪೊರಕೆಯನ್ನು ಅವನ ಕಾಲ ಬಳಿ ಹಾಕಿ ಏರಿ ಇಳಿದು ನಡೆದಳು.

ಮೇಸ್ತ್ರಿ ಅವಳ ಹಿಂದೆಯೇ ಗುಂಡಿಯ ಅಂಚಿಗೆ ಬಂದು ಕರೆದ. ಯಾರಾದರೂ ಬನ್ನಿ, ಕೆಲಸ ಕಾಯಂ ಮಾಡಿಸ್ತೀನಿ ಎಂದ. ದೊಡ್ಡಕ್ಕನ ಮೈದುನ ಎದ್ದು ಹೊರಟೇಬಿಟ್ಟ.

"ನಿನಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಮಗಳ ಓದಿಗೆ ಏನು ಮಾಡ್ತೀಯ? ಹೊಟ್ಟೆಗೇನು ಮಣ್ಣು ತಿಂತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲಲ್ಲಿ ಕೂತಿದ್ದ ಅತ್ತೆ ಮಗನ ಕಾಲುಗಳು ಮುಂದೆ ಹಾದುಹೋಗುವುದನ್ನು ನೋಡಿದಳು.

"ಹೋಗಪ್ಪ, ಇಳಿ," ಎಂದಳು. "ಇಳಿದೋನು ಹಂಗೇ ಒಳಗೆ ಹೋಗು. ನಮ್ಮಕ್ಕ ಸಿಕ್ಕಿದ್ರೆ ಹೊರಗೆ ಕರ್ಕೊಂಡು ಬಾ."

ಮೈದುನ ಹೆಜ್ಜೆ ಕಿತ್ತಿಡಲಿಲ್ಲ. ಆಮೇಲೆ ಅಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆಯ ಮೇಲೆ ಕೈಹೊತ್ತ. ಮೇಸ್ತ್ರಿ ಅಂಚಿನ ಮೇಲೆ ನಿಂತು ಗಂಟಲು ಹರಿದುಕೊಂಡದ್ದಷ್ಟೇ ಬಂತು. ಯಾರೂ ಏಳಲಿಲ್ಲ.

ಮರುದಿನ ಸಾಹೇಬರ ಡಬ್ಬಿ ಬಂದು ನಿಂತಾಗ ಪ್ಲಾಟ್‌ಫಾರಂ ಮೇಲೆ ಹೊಲಸು ತೆಳ್ಳಗೆ ಹರಡಿಕೊಂಡಿತ್ತು. ಸುಣ್ಣ ಸುರಿದಿದ್ದರು, ಮರಳು ಸುರಿದಿದ್ದರು. ನಾತ ಎಲ್ಲಿಗೆ ಹೋಗುತ್ತದೆ? ಸಾಹೇಬರು ಬಾಗಿಲಿಗೆ ಬಂದರು, ಮೂಗಿಗೆ ಕರವಸ್ತ್ರ ಒತ್ತಿಕೊಂಡರು, ಅಲ್ಲಿಂದಲೇ ಕೈಬೀಸಿ ಒಳಗೆ ಹೋದರು. ಡಬ್ಬಿ ಹೊರಟುಹೋಯಿತು. ಸಾಹುಕಾರನ ಮಗ ಭಾಷಣದ ಹಾಳೆ ಹಿಡಿದು ಹಾಗೇ ನಿಂತಿದ್ದ. ಗುಂಡಿಯ ಹೆಂಗಸರು ಅಂಚಿನಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಕ್ಕ ನಗಲಿಲ್ಲ. ಮುಂದೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಮೇಸ್ತ್ರಿ ಬೇರೆ ಊರಿನಿಂದ ಇಬ್ಬರನ್ನು ಕರೆತಂದ. ಅವರು ಮೇಲಿನಿಂದ ಚುಚ್ಚಲು ಶುರುಮಾಡುವಷ್ಟರಲ್ಲಿ ಗುಂಡಿಯ ಹೆಂಗಸರು ಚೀಲಗಳಿಗೆ ಮಣ್ಣು ತುಂಬಿ ಪೈಪಿನ ಬಾಯಿಗೆ ಒಡ್ಡಿದ್ದರು. ಸಾಲದೆಂದು ಚೀಲಗಳ ಮೇಲೆ ತಾವೇ ಬೆನ್ನು ಕೊಟ್ಟು ಕೂತರು. ಮೊದಲು ಕೂತವಳು ದೊಡ್ಡಕ್ಕ. ಪಕ್ಕದಲ್ಲಿ ಅವಳ ಮಗಳು. ಮೈದುನ ಅತ್ತೆಯನ್ನು ಹೊತ್ತು ತಂದು ನಡುವೆ ಕೂರಿಸಿದ. ಮೇಲೆ ಕಟ್ಟು ಬಿಟ್ಟಿತು. ಗಳಗಳ ಸದ್ದು ಏರಿಯೊಳಗಿಂದ ಬಂತು. ಚೀಲಗಳ ಸಂದಿಯಿಂದ ಕಪ್ಪು ನೀರು ಜಿನುಗಿ ಅವರ ಬೆನ್ನು ನೆನೆಸಿತು, ತೊಡೆ ನೆನೆಸಿತು. ಮಗಳಿಗೆ ವಾಂತಿಯಾಯಿತು. ಬಾಯಿ ಒರೆಸಿಕೊಂಡು ಅವಳು ಅಲ್ಲೇ ಕೂತಳು.

"ಹೋಗಿ ಚೀಲ ಕೀಳ್ರೋ!" ಎಂದು ಮೇಸ್ತ್ರಿ ಆ ಇಬ್ಬರನ್ನು ಕೆಳಗೆ ಕಳಿಸಿದ.

ಹಿರಿಯವನು ಬಂದು ನೋಡಿದ. ಪೈಪು ನೋಡಿದ, ಮನೆಗಳನ್ನು ನೋಡಿದ, ಅತ್ತೆಯನ್ನು ನೋಡಿದ.

"ಇಷ್ಟೂ ಇಲ್ಲಿಗೇ ಬರುತ್ತೇನಕ್ಕ?"

"ಹುಂ."

ಅವನು ಬಿದಿರನ್ನು ಕೆಳಗೆ ಹಾಕಿದ. "ಇದು ನಮ್ಮ ಕೈಲಾಗಲ್ಲ ಮೇಸ್ತ್ರಿ," ಎಂದು ಮೇಲಕ್ಕೆ ಕೂಗಿ ಹೇಳಿದ. ಜೊತೆಯವನನ್ನು ಕರೆದುಕೊಂಡು ಹೊರಟುಹೋದ.

ಸಂಜೆಗೆ ಸ್ಟೇಷನ್ನಿನ ಕಕ್ಕಸಿಗೆ ಬೀಗ ಬಿತ್ತು. ಎರಡು ದಿನ ಹೆಂಗಸರು ಸರದಿಯ ಮೇಲೆ ಕೂತರು. ಮೂರನೆಯ ದಿನ ಮಾಸ್ಟರೂ ವಕೀಲರೂ ಗುಂಡಿಗೆ ಇಳಿದು ಬಂದರು. ವಕೀಲರು ಬೂಟು ಕೆಸರಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಿದ್ದರು.

"ನನ್ನದು ತಪ್ಪಾಯ್ತಮ್ಮ," ಎಂದರು. "ಗೋಡೆ ತಿದ್ದಿಸ್ತೀನಿ. ಇಲ್ಲಿ ಮನೆಗಳಿದ್ವು ಅಂತ ಬರೆಸ್ತೀನಿ. ನಿಮ್ಮ ಅಕ್ಕ ಇಲ್ಲೇ ತೀರಿಹೋದ್ರು ಅಂತ ಹೆಸರು ಹಾಕಿಸ್ತೀನಿ. ಹೆಸರು ಹೇಳಿ, ಇವತ್ತೇ ಬರೆಸ್ತೀನಿ. ನೀವು ಚೀಲ ತೆಗೆದ್ರೆ ಸಾಕು. ಮಾಸ್ಟರು ಒಪ್ಪಿದಾರೆ."

ದೊಡ್ಡಕ್ಕ ಅತ್ತೆಯ ಕಡೆ ತಿರುಗಿದಳು. ಅತ್ತೆ ಒಪ್ಪಿದರೆ ಬೇಡವೆನ್ನುವ ಬಾಯಿ ತನಗಿಲ್ಲ. ಈ ಒಂದು ಹೆಸರಿಗಾಗಿ ಮುದುಕಿ ಬಾಗಿಲು ಕಾದಿದ್ದಳು. ಬದುಕಿಡೀ ಕಾದಿದ್ದಳು.

ಅತ್ತೆ ಬಾಯಿ ತೆರೆದಳು. ತುಟಿ ಅಲುಗಿತು. ಹೆಸರು ತುಟಿಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅವಳು ಅದನ್ನು ನುಂಗಿಕೊಂಡಳು.

"ಮೇಲೆ ನಮ್ಮಕ್ಕನ ಹೆಸರು ಬರೀತೀರ," ಎಂದಳು. "ಕೆಳಗೆ ಅವಳ ತಂಗಿ ಮೇಲೆ ಹೇಲು ಬಿಡ್ತೀರ. ನಮ್ಮಕ್ಕ ನನ್ನ ಬುಟ್ಟಿ ಮಣ್ಣು ಹೊತ್ತೋಳು. ಅವಳ ಹೆಸರಿಗೆ ನಾನು ಇದನ್ನ ಹೊರಬೇಕಾ?" ಕೈಯಿಂದ ಚೀಲವನ್ನು ತಟ್ಟಿದಳು. "ಹೆಸರು ಹೇಳಲ್ಲ. ಪೈಪು ತೆಗೀರಿ."

"ಅಲ್ಲಮ್ಮ, ಇಂಥ ಅವಕಾಶ ಮತ್ತೆ..."

"ನಮ್ಮತ್ತೆ ಹೇಳಿದ್ದು ಕೇಳಿಸ್ಲಿಲ್ವಾ?" ಎಂದಳು ದೊಡ್ಡಕ್ಕ.

ಇಬ್ಬರೂ ಬಂದ ಕಲ್ಲುಗಳ ಮೇಲೇ ವಾಪಸು ಹೋದರು.

ಪ್ರಯಾಣಿಕರು ಗಲಾಟೆ ಮಾಡಿದರು. ಬೀಗ ಹಾಕಿದ ಕಕ್ಕಸಿನ ಚಿತ್ರ ಪೇಪರಿನಲ್ಲಿ ಬಂತು. ಚೀಲಗಳ ಮೇಲೆ ಕೂತವರ ಚಿತ್ರ ಬರಲಿಲ್ಲ. ಎಷ್ಟೋ ದಿನಗಳ ಮೇಲೆ, ಮಾಸ್ಟರ ಮನೆಯ ಹಿಂದೆಯೇ ಹೊಸ ತೊಟ್ಟಿ ತೋಡಿಸಿ ಕಕ್ಕಸಿನ ನೀರನ್ನು ಅದಕ್ಕೆ ತಿರುಗಿಸಿದರು. ಹಳೆ ಪೈಪನ್ನು ಕೀಳಲಿಲ್ಲ. ಪ್ಲಾಟ್‌ಫಾರಂ ಮೇಲಿನ ಮಳೆನೀರು ಹೋಗಲು ಬೇಕು ಎಂದರು. ದೊಡ್ಡಕ್ಕನಿಗೆ ಕೆಲಸ ವಾಪಸು ಸಿಗಲಿಲ್ಲ. ಅವಳು ದೂರದ ಜಲ್ಲಿ ಕ್ವಾರಿಗೆ ಹೋಗತೊಡಗಿದಳು. ಮಗಳು ಕಾಲೇಜು ಬಿಡಲಿಲ್ಲ, ಆದರೆ ಬೆಳಗಿನ ಹೊತ್ತು ಊರಿನಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಗೋಡೆಯ ಮೇಲೆ ಬರೆದದ್ದು ಹಾಗೇ ಇತ್ತು. ಮಳೆಗಾಲಕ್ಕೆ ಮುಂಚೆ ಅತ್ತೆ ತೀರಿಕೊಂಡಳು. ಅಕ್ಕನ ಹೆಸರನ್ನು ಮೊಮ್ಮಗಳಿಗೆ ಹೇಳಿ ಹೋದಳು.

ಮೊದಲ ದೊಡ್ಡ ಮಳೆ ಹಗಲಲ್ಲೇ ಹೊಡೆಯಿತು. ನೋಡನೋಡುತ್ತಾ ಪೈಪು ಉಕ್ಕಿತು. ಮನೆಗಳಲ್ಲಿ ಮೊಣಕಾಲವರೆಗೆ ನೀರು ನಿಂತಿತು. ಪಕ್ಕದ ಮನೆಯವಳು ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದಳು.

"ಏ ದೊಡ್ಡಕ್ಕಾ, ನೋಡೇ! ಈ ಸಲ ಬರೀ ನೀರು ಕಣೇ!"

ಹೆಂಗಸರು ನಕ್ಕರು. ಒಬ್ಬಳಂತೂ ಮಗುವನ್ನೆತ್ತಿ ನೀರಿನಲ್ಲಿ ಆಡಿಸಿದಳು. ದೊಡ್ಡಕ್ಕನಿಗೂ ನಗು ಬಂತು. ನಗುತ್ತಲೇ ಒಲೆಯ ಕಡೆ ನೋಡಿದಳು. ಒಲೆ ಕರಗಿಹೋಗಿತ್ತು. ಅತ್ತೆಯ ಚಾಪೆ ತೇಲುತ್ತಿತ್ತು.

"ಬರೀ ನೀರು ಅಂತ ಕುಣೀಬೇಕೇನ್ರೇ?" ಎಂದು ಕೂಗಿದಳು. "ಇಷ್ಟಕ್ಕೇ ಖುಷಿಪಡೋ ಹಂಗೆ ಮಾಡವ್ರಲ್ಲ ನಮ್ಮನ್ನ!"

ನಗು ನಿಂತಿತು.

"ಗುಂಡಿ ತುಂಬಿಸ್ಕೊಡ್ತೀವಿ ಅಂದಿದ್ರು. ಕೇಳೋಣ, ನಡೀರಿ."

ಅವಳು ಏರಿ ಹತ್ತಿದಳು. ಹಿಂದೆ ಮಗಳು, ಅವಳ ಹಿಂದೆ ಮೈದುನ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಕಾಲು ಒರೆಸಿಕೊಳ್ಳಲಿಲ್ಲ. ತೊಳೆದಿಟ್ಟ ಪ್ಲಾಟ್‌ಫಾರಂ ತುಂಬ ಕೆಸರು ಹೆಜ್ಜೆಗಳಾದವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಸಗುಡಿಸುವವಳು ಪೊರಕೆ ಹಿಡಿದು ನಿಂತಿದ್ದಳು. ದೊಡ್ಡಕ್ಕನ ಮುಖ ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮಾಸ್ಟರು ಒಳಗಿನಿಂದ ಬಾಗಿಲು ಹಾಕಿಕೊಂಡರು. ದೊಡ್ಡಕ್ಕ ಬಡಿಯತೊಡಗಿದಳು.